ನಲವತ್ತೊಂದನೇ ಪುಟದ ವಿಳಾಸ

ಅಮರೇಶಪ್ಪನವರು ನಮ್ಮ ಕಚೇರಿಗೆ ಸೇರಿದಾಗ ಅವರಿಗೆ ಐವತ್ತೊಂದು ವರ್ಷ, ನನಗೆ ಇಪ್ಪತ್ಮೂರು. 2003ರ ಜೂನ್ ತಿಂಗಳು. ಅಮೀರ್‌ಪೇಟೆಯಲ್ಲಿ ಒಂದು ಮಿಠಾಯಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ ನಮ್ಮ ಕಚೇರಿ. ಮಾಲೀಕನನ್ನು ಬಿಟ್ಟು ಅಲ್ಲಿದ್ದ ಹದಿನಾಲ್ಕು ಜನರೂ ಇಪ್ಪತ್ತು ಇಪ್ಪತ್ತೈದರವರು. ತಲೆ ನರೆತ, ಅಂಗಿಯ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡ ಮನುಷ್ಯ ಬಂದು ಕಂಪ್ಯೂಟರಿನ ಮುಂದೆ ಕೂತಾಗ, ಇವರು ಆಡಿಟ್‌ಗೆ ಬಂದವರಿರಬೇಕು ಎಂದು ಹುಡುಗರು ಸಿಗರೇಟು ಆರಿಸಿ ಕಿಟಕಿ ತೆರೆದರು.

ಅವರು ಬಂದದ್ದು ಪುಟಗಳಿಗೆ ಹೆಸರಿಡಲು. ಭಾಗ್ಯಸೂಚಿ ಎಂಬ ನಮ್ಮ ವೆಬ್‌ಸೈಟಿನಲ್ಲಿ ಊರಿನ ಆಸ್ಪತ್ರೆ, ಶಾಲೆ, ಬಸ್ಸು, ಬಾಡಿಗೆ ಮನೆ, ಎಲ್ಲದರ ಮಾಹಿತಿ ಇತ್ತು. ಪುಟಗಳೇನೋ ಇದ್ದವು, ಆದರೆ ಅವುಗಳ ವಿಳಾಸಗಳನ್ನು ಕಂಪ್ಯೂಟರೇ ಹುಟ್ಟಿಸುತ್ತಿತ್ತು. ಪ್ರಶ್ನಾರ್ಥಕ ಚಿಹ್ನೆ, ಅಂಕಿ, ಮತ್ತೆ ಅಕ್ಷರ, ಮತ್ತೆ ಅಂಕಿ, ಒಂದೂವರೆ ಸಾಲು ಉದ್ದ. ಅವರು ಸೇರಿದ ಮೂರನೇ ದಿನ ವಾರಂಗಲ್‌ನಿಂದ ಒಬ್ಬ ಹೆಂಗಸು ಫೋನ್ ಮಾಡಿ, ಡಯಾಲಿಸಿಸ್ ಮಾಡುವ ಆಸ್ಪತ್ರೆಗಳ ಪುಟ ಎಲ್ಲಿದೆ ಎಂದು ಕೇಳಿದಳು. ನಾನು ವಿಳಾಸ ಹೇಳತೊಡಗಿದೆ. ಹದಿನೈದು ನಿಮಿಷ ಹೇಳಿದೆ. ಕೊನೆಗೆ ಆಕೆ ಅಳುದನಿಯಲ್ಲಿ ಫೋನ್ ಇಟ್ಟಳು.

ಪಕ್ಕದಲ್ಲಿ ಕೂತಿದ್ದ ಅಮರೇಶಪ್ಪನವರು, "ನೀ ಕಲಬುರಗಿ ಕಡಿಯಾಕಿ ಅಲ್ಲೇನವ್ವ?" ಎಂದರು.

"ಹೌದ್ರಿ. ನಿಮಗ ಹೆಂಗ ಗೊತ್ತಾತ್ರಿ?"

"ಫೋನ್ ಇಟ್ಟ ಮ್ಯಾಲ ಬೈದಿ ನೋಡು, ಅದರಾಗ ಗೊತ್ತಾತು. ಕರದ್ರ ಓ ಅನಬೇಕು, ಅದಕ್ಕ ಹೆಸರ ಅಂತಾರ. ನೀ ಹೇಳಿದ್ದು ಹೆಸರಲ್ಲ."

ಅಂದಿನಿಂದ ನಾನು ಅವರನ್ನು ಕಾಕಾ ಎಂದೆ.

ಅವರ ತಂದೆ ಲಿಂಗಸುಗೂರು ಕಡೆಯಿಂದ ಬಂದು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಅಮರೇಶಪ್ಪನವರು ಬೆಳೆದದ್ದು ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮಾರ್ಕೆಟ್ಟಿನಲ್ಲಿ ದಖನಿ ಉರ್ದು. ಮುಂದೆ ಕುಷಾಯಿಗೂಡದ ಹತ್ತಿರದ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಇಪ್ಪತ್ನಾಲ್ಕು ವರ್ಷ ಅಲ್ಲಿ ನಕ್ಷೆಗಳನ್ನಿಡುವ ಕೋಣೆ ನೋಡಿಕೊಂಡರು. ಯಂತ್ರದ ಪ್ರತಿ ಬಿಡಿಭಾಗಕ್ಕೂ ಒಂದು ನಕ್ಷೆ, ಪ್ರತಿ ನಕ್ಷೆಗೂ ಒಂದು ಸಂಖ್ಯೆ. ಆ ಭಾಗ ತಯಾರಾಗುವುದು ನಿಂತರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವಂತಿರಲಿಲ್ಲ, ಬದಲಿಸುವಂತೆಯೂ ಇರಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಆ ಸಂಖ್ಯೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿರುತ್ತಾನೆ, ಅವನಿಗೆ ನಾವು ಮೋಸ ಮಾಡಬಾರದು ಎನ್ನುತ್ತಿದ್ದರು. ಆಮೇಲೆ ಕಾರ್ಖಾನೆಯವರು ಸ್ವಯಂ ನಿವೃತ್ತಿಯ ಯೋಜನೆ ತಂದರು. ಸ್ವಯಂ ಎಂದು ಹೆಸರಷ್ಟೇ. ನಲವತ್ತೊಂಬತ್ತಕ್ಕೆ ಮನೆಗೆ ಬಂದರು.

ನಮ್ಮ ಮಾಲೀಕ ಗುರುಶಾಂತ ರಾಯಚೂರಿನ ವ್ಯಾಪಾರಸ್ಥರ ಮನೆಯವನು, ಮೂವತ್ತೆರಡು ವರ್ಷದವನು. ಅಮರೇಶಪ್ಪನವರ ಹೆಂಡತಿ ಶಿವದೇವಿಯವರಿಗೆ ದೂರದ ಸಂಬಂಧ. ಮನೆಯಲ್ಲಿ ಖಾಲಿ ಕೂತ ಮನುಷ್ಯನಿಗೆ ಒಂದು ಕೆಲಸ ಕೊಟ್ಟರಾಯಿತು ಎಂದು ಕರೆದ. ಆ ಕೆಲಸವನ್ನು ಅವರು ಅಷ್ಟು ಮನಸ್ಸಿಟ್ಟು ಮಾಡುತ್ತಾರೆಂದು ಅವನು ಎಣಿಸಿರಲಿಲ್ಲ.

ಅವರ ರೀತಿ ಹೀಗಿತ್ತು. ಪುಟದ ವಿಳಾಸ ಚಿಕ್ಕದಿರಬೇಕು. ಫೋನಿನಲ್ಲಿ ಹೇಳಿದರೆ ಬರೆದುಕೊಳ್ಳುವಂತಿರಬೇಕು. ಇಸವಿ ಬೇಡ, ಯಾಕೆಂದರೆ ಮುಂದಿನ ವರ್ಷ ಅದು ಹಳತಾಗುತ್ತದೆ. ಅಧಿಕಾರಿಯ ಹುದ್ದೆ ಬೇಡ, ಯಾಕೆಂದರೆ ಇಲಾಖೆ ಬದಲಾಗುತ್ತದೆ. ಒಂದು ಹೆಸರು ಹೊಳೆದರೆ ಅದನ್ನು ಚೀಟಿಯಲ್ಲಿ ಬರೆದುಕೊಂಡು ಕೆಳಗಿನ ಇರಾನಿ ಹೋಟೆಲಿಗೆ ಹೋಗುತ್ತಿದ್ದರು. ಚಹಾ ಕುಡಿಯುವವರಿಗೆ ಬಾಯಲ್ಲಿ ಹೆಸರು ಹೇಳಿ, ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ಕೇಳುತ್ತಿದ್ದರು. ಶಂಶಾಬಾದ್ ಎಂದರೆ ಆರು ಜನ 'ಎಮ್' ಬರೆದರೆ ನಾಲ್ಕು ಜನ 'ಎನ್' ಬರೆಯುತ್ತಿದ್ದರು. ಹೆಚ್ಚು ಜನ ಬರೆದದ್ದನ್ನು ವಿಳಾಸ ಮಾಡಿ, ಉಳಿದವರು ಬರೆದದ್ದೂ ಅದೇ ಪುಟಕ್ಕೆ ಹೋಗುವಂತೆ ನನ್ನಿಂದ ಮಾಡಿಸುತ್ತಿದ್ದರು. "ತಪ್ಪು ಬರದವ ದಾರಿ ತಪ್ಪಬಾರದು ಸುವರ್ಣಾ" ಎನ್ನುತ್ತಿದ್ದರು. ನಾನು ಎರಡು ಸಾಲು ಬರೆದರೆ ಆಗಿಬಿಡುವ ಕೆಲಸ ಅದು.

ಭಾನುವಾರ ಕುಷಾಯಿಗೂಡದ ಅವರ ಮನೆಯ ಮುಂದೆ ಊರ ಕಡೆಯ ಕೂಲಿಕಾರರು ಕೂತಿರುತ್ತಿದ್ದರು. ಅರ್ಜಿ ಬರೆಸಲು, ಬಂದ ಕಾಗದ ಓದಿಸಲು. ಅವರಲ್ಲಿ ಎಷ್ಟೋ ಜನ ತಮ್ಮವರನ್ನು ಈ ಊರಿನಲ್ಲಿ ಕಳೆದುಕೊಂಡಿದ್ದರು. ರೈಲು ಇಳಿದ ಮುದುಕಿ ಸಿಗಲಿಲ್ಲ, ಸಿಮೆಂಟ್ ಲಾರಿ ಹತ್ತಿದ ಅಣ್ಣ ಬರಲಿಲ್ಲ. ಅಮರೇಶಪ್ಪನವರು ಗುರುಶಾಂತನನ್ನು ಕೇಳಿ ಸೈಟಿನಲ್ಲಿ ಅಂಥವರಿಗೊಂದು ಜಾಗ ಮಾಡಿಸಿದರು. ಒಬ್ಬೊಬ್ಬರಿಗೆ ಒಂದೊಂದು ಪುಟ, ಫೋಟೋ, ಗುರುತು, ಯಾರನ್ನು ಸಂಪರ್ಕಿಸಬೇಕೆಂಬ ವಿವರ. ಅದಕ್ಕೆ ಏನು ಹೆಸರಿಡಬೇಕೆಂಬ ಚರ್ಚೆ ಎರಡು ದಿನ ನಡೆಯಿತು. ಹುಡುಗರು ಇಂಗ್ಲಿಷಿನ ಹೆಸರು ಹೇಳಿದರು. ಅಮರೇಶಪ್ಪನವರು ಲಾಪತಾ ಎಂದರು. ತೆಲುಗಿನವನಿಗೂ ಗೊತ್ತು, ಉರ್ದುವಿನವನಿಗೂ ಗೊತ್ತು, ನಮ್ಮ ರಾಯಚೂರಿನವನಿಗೂ ಗೊತ್ತು. ಹೋಟೆಲಿನಲ್ಲಿ ಹತ್ತಕ್ಕೆ ಹತ್ತು ಜನ ಒಂದೇ ರೀತಿ ಬರೆದರು. ಭಾಗ್ಯಸೂಚಿ ಡಾಟ್ ಕಾಮ್, ಒಂದು ಓರೆ ಗೆರೆ, ಲಾಪತಾ, ಇನ್ನೊಂದು ಓರೆ ಗೆರೆ, ಆಮೇಲೆ ಒಂದು ಸಂಖ್ಯೆ. ಅಷ್ಟೇ ವಿಳಾಸ.

ಎರಡು ವರ್ಷದಲ್ಲಿ ನಲವತ್ತು ಪುಟಗಳಾದವು. ಒಂಬತ್ತು ಜನ ಸಿಕ್ಕರು. ಒಂದು ತೆಲುಗು ಪತ್ರಿಕೆಯಲ್ಲಿ ಗುರುಶಾಂತನ ಫೋಟೋ ಬಂತು.

ಬಂಡೆಮ್ಮ ಬಂದದ್ದು 2006ರ ಫೆಬ್ರವರಿಯಲ್ಲಿ. ಶಹಾಪುರದ ಕಡೆಯವಳು. ಶಂಶಾಬಾದಿನಲ್ಲಿ ವಿಮಾನ ನಿಲ್ದಾಣ ಕಟ್ಟುವ ಕೆಲಸಕ್ಕೆ ಗಂಡ ಮೌನಪ್ಪನ ಜೊತೆ ಬಂದಿದ್ದಳು. ಆರು ತಿಂಗಳ ಹಿಂದೆ ಅವನು ಸಾರುವೆಯ ಮೇಲಿಂದ ಬಿದ್ದಿದ್ದ. ತಲೆಗೆ ಪೆಟ್ಟಾಗಿ ಮಾತು ಹೋಗಿತ್ತು, ನೆನಪು ಬಂದು ಹೋಗಿ ಮಾಡುತ್ತಿತ್ತು. ಒಂದು ದಿನ ಅವಳು ಕೆಲಸದಿಂದ ತಗಡಿನ ಶೆಡ್ಡಿಗೆ ಮರಳಿದಾಗ ಅವನಿರಲಿಲ್ಲ. ಪೊಲೀಸರಲ್ಲಿ ದೂರು ಬರೆಸಿದ್ದಳು. ಎಡಗೈಯಲ್ಲಿ ಎರಡು ಬೆರಳಿಲ್ಲ, ಹಿಂದೆ ಕಲ್ಲು ಒಡೆಯುವಾಗ ಹೋದದ್ದು, ಎಂದು ಹೇಳಿ ತನ್ನ ಕೈ ತೋರಿಸಿ ಎರಡು ಬೆರಳು ಮಡಚಿದಳು.

"ಏನರ ಮಾತಾಡ್ತಾನೇನವ್ವ?" ಅಮರೇಶಪ್ಪನವರು ಕೇಳಿದರು.

"ನನ್ನ ಹೆಸರೊಂದು ಅಂತಾನ್ರಿ. ಬಂಡಿ ಅಂತಾನ. ಮತ್ತೇನೂ ಬರಂಗಿಲ್ಲ."

ಅದನ್ನೂ ಪುಟದಲ್ಲಿ ಬರೆದರು, ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ: ಹೆಂಡತಿಯ ಹೆಸರು ಬಂಡೆಮ್ಮ, ಈತ ಬಂಡಿ ಎಂದರೆ ಆಕೆಯನ್ನು ಕರೆಯುತ್ತಿದ್ದಾನೆಂದು ತಿಳಿಯಿರಿ. ಅದು ನಲವತ್ತೊಂದನೇ ಪುಟ.

ಗೋಡೆಗೆ ಅಂಟಿಸಲು ಫೋಟೋ, ಬೆರಳಿನ ಗುರುತು ಇಷ್ಟೇ ಇರುವ ಪೋಸ್ಟರ್ ಮಾಡುವಾಗ ಬಂಡೆಮ್ಮ ಅದರಲ್ಲಿ ಮೇಸ್ತ್ರಿಯ ಮೊಬೈಲ್ ನಂಬರ್ ಹಾಕಿಸಿ ಎಂದಳು. ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದಳು. ಅಮರೇಶಪ್ಪನವರು ಬೇಡವೆಂದರು.

"ಮೇಸ್ತ್ರಿ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಎರಡ ತಿಂಗಳಿಗೆ ಸಿಮ್ ಬದಲಿ ಮಾಡ್ತಾನ. ನಮ್ಮ ಆಫೀಸಿಂದೂ ನಾಳೆ ಬದಲಿ ಆಗಬಹುದು. ಪೋಸ್ಟರ್ ಮ್ಯಾಲ ನಂಬರ್ ತಪ್ಪಾದ್ರ ಊರೂರಿಗೆ ಹೋಗಿ ತಿದ್ದಾಕ ಆಗ್ತದೇನವ್ವ? ಪುಟದ ವಿಳಾಸ ಹಾಕೋಣು. ನಂಬರ್ ಬದಲಾದಂಗ ಪುಟದಾಗ ನಾ ಬದಲಿ ಮಾಡ್ತೀನಿ. ವಿಳಾಸ ಮಾತ್ರ ಎಂದೂ ಬದಲಾಗಂಗಿಲ್ಲ."

"ನಂಬರ್ ಇದ್ರ ಚಲೋ ಇತ್ತೇನೋರಿ..."

"ನನ್ನ ಮ್ಯಾಲ ಬಿಡು."

ಅವಳು ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಮಲ್ಕಾಜ್‌ಗಿರಿಯಲ್ಲಿದ್ದ ಅಮರೇಶಪ್ಪನವರ ಬಾಲ್ಯದ ಗೆಳೆಯರು ರೈಲಿನಲ್ಲಿ ಗಾರ್ಡ್, ಡ್ರೈವರ್ ಆಗಿದ್ದರು. ಅವರ ಕೈಯಲ್ಲಿ ಪೋಸ್ಟರುಗಳನ್ನು ವಾಡಿ, ರಾಯಚೂರು, ಕರ್ನೂಲು, ಎಲ್ಲ ದಿಕ್ಕಿಗೂ ಕಳಿಸಿದರು. ಮುಂದಿನ ಆರು ತಿಂಗಳಲ್ಲಿ ಮೇಸ್ತ್ರಿ ಮೂರು ಸಲ ನಂಬರ್ ಬದಲಿಸಿದ. ಮೂರು ಸಲವೂ ಅಮರೇಶಪ್ಪನವರು ಪುಟ ತಿದ್ದಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಆಗಸ್ಟಿನಲ್ಲಿ ಗುರುಶಾಂತ ಮಾಧಾಪುರದಿಂದ ಒಬ್ಬ ಸಲಹೆಗಾರನನ್ನು ಕರೆತಂದ. ಜನ ಈಗ ವಿಳಾಸ ಬರೆಯುವುದಿಲ್ಲ, ಹುಡುಕುತ್ತಾರೆ. ಹುಡುಕಿದಾಗ ನಾವು ಮೊದಲು ಕಾಣಬೇಕಾದರೆ ಎಲ್ಲ ವಿಳಾಸಗಳಲ್ಲೂ 'ಹೈದರಾಬಾದ್', 'ಟಾಪ್', 'ಬೆಸ್ಟ್' ಇಂಥ ಪದಗಳಿರಬೇಕು ಎಂದ ಅವನು. ಮೂರು ಸಾವಿರದ ಚಿಲ್ಲರೆ ಪುಟಗಳು. ಎಲ್ಲವನ್ನೂ ಶನಿವಾರ ಭಾನುವಾರದಲ್ಲಿ ಬದಲಿಸಿ, ಸೋಮವಾರ ಹೂಡಿಕೆದಾರರಿಗೆ ತೋರಿಸಬೇಕೆಂದು ತೀರ್ಮಾನವಾಯಿತು. ಬದಲಿಸುವ ಪ್ರೋಗ್ರಾಂ ಬರೆಯುವ ಕೆಲಸ ನನಗೆ ಬಂತು.

ಅಮರೇಶಪ್ಪನವರು ಗುರುಶಾಂತನ ಕೋಣೆಗೆ ಹೋದರು. ಗಾಜಿನ ಗೋಡೆ, ಮಾತು ಕೇಳುತ್ತಿತ್ತು.

"ಬದಲಿ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಹಳೇ ವಿಳಾಸಕ್ಕ ಬಂದವರನ್ನ ಹೊಸದಕ್ಕ ಕಳಸೋ ಏರ್ಪಾಡು ಮೊದಲ ಆಗಬೇಕು."

"ಮಾಡೋಣ್ರಿ ಕಾಕಾ. ಮುಂದಿನ ವಾರ."

"ಮುಂದಿನ ವಾರದ ತನಕ ಜನ ಎಲ್ಲಿ ಹೋಗ್ಬೇಕ್ರಿ?"

"ಕಾಕಾ, ಸೋಮವಾರದ ಡೆಮೋ ಕೆಟ್ರ ಈ ಕಂಪನಿನ ಇರಂಗಿಲ್ಲ. ಆಮ್ಯಾಲ ನಿಮ್ಮ ವಿಳಾಸ ತಗೊಂಡು ಏನ್ಮಾಡ್ತೀರಿ?"

ಅವರು ಹೊರಗೆ ಬಂದು ನನ್ನ ಪಕ್ಕ ಕೂತರು. "ನಿನ್ನ ಕೈಲಿ ಆಗ್ತದಲ್ಲ ಸುವರ್ಣಾ?" ಎಂದರು. ಆಗುತ್ತಿತ್ತು. ಭಾನುವಾರ ಸಂಜೆಯ ಹೊತ್ತಿಗೆ ನನಗೆ ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು. ಗುರುಶಾಂತ ಈಗ ಬೇಡವೆಂದಿದ್ದ. ಬೇಡವೆಂದದ್ದು ನನಗೆ ಅನುಕೂಲವೇ ಆಗಿತ್ತು. ಕೆಲಸ ಮುಗಿಸಿ ಹಾಸ್ಟೆಲಿಗೆ ಹೋಗಿ ಮಲಗಿದೆ. ನಲವತ್ತೊಂದನೇ ಪುಟದ ಹೊಸ ವಿಳಾಸದಲ್ಲಿ 'ಟಾಪ್ ಮಿಸ್ಸಿಂಗ್ ಪೀಪಲ್ ಹೈದರಾಬಾದ್' ಎಂದಿತ್ತು. ಆಮೇಲೆ ಉದ್ದನೆಯ ಅಂಕಿ.

ಅಮರೇಶಪ್ಪನವರು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹಳೇ ವಿಳಾಸ, ಬಲಕ್ಕೆ ಹೊಸದು ಬರೆಯುತ್ತ ಹೋದರು. ಹತ್ತೊಂಬತ್ತು ದಿನ ಹಿಡಿಯಿತು. ಅದನ್ನು ಗುರುಶಾಂತನ ಮೇಜಿನ ಮೇಲಿಟ್ಟರು. ಮುಂದಿನ ವಾರ ಎಂದ. ಮುಂದಿನ ವಾರ ದಸರಾ ಬಂತು, ಆಮೇಲೆ ದೀಪಾವಳಿ. ಅವರು ಇಂಬ್ಲಿಬನ್ ಬಸ್ ನಿಲ್ದಾಣ, ಕಾಚಿಗೂಡ, ಸಿಕಂದರಾಬಾದ್, ಕೈಗೆಟುಕಿದ ಕಡೆಗೆಲ್ಲ ಹೋಗಿ ಹಳೇ ಪೋಸ್ಟರುಗಳ ಮೇಲೆ ಹೊಸ ವಿಳಾಸದ ಚೀಟಿ ಅಂಟಿಸಿದರು. ದೂರದ ಊರುಗಳಿಗೂ ಗೆಳೆಯರ ಕೈಯಲ್ಲಿ ಚೀಟಿ ಕಳಿಸಿದರು. ಯಾರು ಅಂಟಿಸಿದರು, ಯಾರು ಮರೆತರು, ತಿಳಿಯಲಿಲ್ಲ. ನನಗೆ ಮಾತ್ರ ಅವರು ಮತ್ತೆ ಏನೂ ಹೇಳಲಿಲ್ಲ. ಕೇಳಿದ್ದರೆ ನಾನು ಮಾಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವರು ಒಮ್ಮೆ ಕೇಳಿದ್ದರು.

ಜನವರಿಯಲ್ಲಿ ಅಂಚೆಯಲ್ಲಿ ಒಂದು ಕಾಗದ ಬಂತು. ಲಕೋಟೆಯ ಮೇಲೆ ಭಾಗ್ಯಸೂಚಿ ಆಫೀಸು, ಹೈದರಾಬಾದು ಎಂದಷ್ಟೇ ಇತ್ತು. ಎಲ್ಲೆಲ್ಲೋ ಸುತ್ತಿ ನಮ್ಮ ಹತ್ತಿರ ಬರುವ ಹೊತ್ತಿಗೆ ಆರು ವಾರ ಕಳೆದಿತ್ತು. ಬರೆದವರು ಸುಬ್ಬರಾಯ ಎಂಬವರು. ರಾಯಲಸೀಮೆಯ ಒಂದು ಜಂಕ್ಷನ್ನಿನಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಪತ್ರಿಕೆ ಮಾರುವ ಅಂಗಡಿ ಅವರದು. ತೆಲುಗಿನಲ್ಲಿದ್ದ ಆ ಕಾಗದವನ್ನು ಅಮರೇಶಪ್ಪನವರು ಗಟ್ಟಿಯಾಗಿ ಓದಲು ಶುರುಮಾಡಿದರು, ಅರ್ಧಕ್ಕೆ ಅದನ್ನು ನನ್ನ ಕಡೆ ಚಾಚಿದರು. ಉಳಿದದ್ದನ್ನು ನಾನು ಇಸಿದುಕೊಂಡು ಓದಿದೆ.

ನಿಮ್ಮ ಪೋಸ್ಟರ್ ನನ್ನ ಅಂಗಡಿಯ ಎದುರಿನ ಕಂಬದ ಮೇಲೆ ಇತ್ತು. ದಿನಾ ನೋಡಿ ಆ ಮುಖ ನನಗೆ ಗುರುತಾಗಿತ್ತು. ಅಕ್ಟೋಬರಿನಲ್ಲಿ ಆ ಮನುಷ್ಯ ಇಲ್ಲಿಗೆ ಬಂದ. ಎಡಗೈಯಲ್ಲಿ ಎರಡು ಬೆರಳಿಲ್ಲದ್ದು ನೋಡಿ ಅವನೇ ಎಂದು ಖಾತ್ರಿಯಾಯಿತು. ಸ್ಟೇಷನ್ನಿನ ಹೊರಗಿನ ಇಂಟರ್ನೆಟ್ ಸೆಂಟರಿಗೆ ಹೋಗಿ ನಿಮ್ಮ ವಿಳಾಸ ಹೊಡೆಸಿದೆ. ಇಂಥ ಪುಟ ಇಲ್ಲ ಎಂದು ಬಂತು. ನಾನೇ ತಪ್ಪು ಓದಿದೆನೇನೋ ಎಂದು ಪೋಸ್ಟರನ್ನೇ ಕಿತ್ತುಕೊಂಡು ಹೋಗಿ ತೋರಿಸಿದೆ. ನಾಲ್ಕು ದಿನ ಹೋದೆ. ಇಲ್ಲ ಎಂದೇ ಬಂತು. ಅವನು ಬಂಡಿ ಬಂಡಿ ಎನ್ನುತ್ತಿದ್ದ. ನಮ್ಮ ತೆಲುಗಿನಲ್ಲಿ ಬಂಡಿ ಎಂದರೆ ರೈಲು. ಯಾವ ಬಂಡಿ ಬೇಕಪ್ಪಾ ಎಂದು ಎಲ್ಲರೂ ಕೇಳುತ್ತಿದ್ದರು. ಬಂದ ಬಂದ ರೈಲನ್ನು ತೋರಿಸುತ್ತಿದ್ದರು. ಅವನು ತಲೆ ಅಲ್ಲಾಡಿಸಿ ಮತ್ತೆ ಬಂಡಿ ಎನ್ನುತ್ತಿದ್ದ. ಮೂರು ವಾರ ಇದ್ದ. ನಾನು ಊಟ ಕೊಡುತ್ತಿದ್ದೆ. ಆಮೇಲೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು, ಎರಡನೇ ದಿನ ಹೋದ. ವಾರಸುದಾರರಿಲ್ಲ ಎಂದು ಆಸ್ಪತ್ರೆಯವರೇ ಮಣ್ಣು ಮಾಡಿದರು. ನಿಮ್ಮ ಪುಟ ಯಾಕೆ ಇರಲಿಲ್ಲ ಎಂದು ತಿಳಿಯಬೇಕೆನಿಸಿ ಬರೆದಿದ್ದೇನೆ.

ಗುರುಶಾಂತ ಕಾಗದವನ್ನು ಎರಡು ಸಲ ಓದಿದ. "ಕಾಕಾ, ಆಕಿಗೆ ಹೇಳೋದು ಹೇಳ್ರಿ, ಪುಟದ ಸುದ್ದಿ ಬ್ಯಾಡ. ಸುಮ್ನ ನೋವ ಕೊಟ್ಟಂಗ ಆಗ್ತದ" ಎಂದ.

ಅಮರೇಶಪ್ಪನವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಮರುದಿನ ಬೆಳಿಗ್ಗೆ ಶಂಶಾಬಾದಿಗೆ ಹೊರಟರು. ನಾನೂ ಹೋದೆ.

ಬಂಡೆಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು ಜಲ್ಲಿ ಹೊರುತ್ತಿದ್ದಳು. ನಮ್ಮನ್ನು ಕಂಡು ಬುಟ್ಟಿ ಇಳಿಸಿ ನಗುನಗುತ್ತಲೇ ಬಂದಳು. ಸಿಕ್ಕಿದ್ದಾನೆ ಎಂದುಕೊಂಡಿರಬೇಕು. ಶೆಡ್ಡಿನ ನೆರಳಿನಲ್ಲಿ ಕೂತು ಅಮರೇಶಪ್ಪನವರು ಎಲ್ಲವನ್ನೂ ಹೇಳಿದರು. ವಿಳಾಸ ಬದಲಾದದ್ದು, ಸುಬ್ಬರಾಯರು ನಾಲ್ಕು ದಿನ ಹುಡುಕಿದ್ದು, ಯಾವುದನ್ನೂ ಮುಚ್ಚಲಿಲ್ಲ. ಅವಳು ಅಳಲಿಲ್ಲ. ತಲೆಯ ಬಟ್ಟೆ ಬಿಚ್ಚುತ್ತ ಕೇಳಿದಳು:

"ಬಂಡಿ ಅಂತಿದ್ದನಾ?"

"ಹೌದವ್ವ."

"ರೈಲು ತೋರಿಸಿದ್ರಾ ಅವಗ?"

ಅಮರೇಶಪ್ಪನವರು ತಲೆ ತಗ್ಗಿಸಿದರು.

"ನಂಬರ್ ಹಾಕ್ರಿ ಅಂದಿದ್ನಲ್ರಿ ನಾ. ಚೀಟಿ ತಂದಿದ್ನಲ್ರಿ. ಮೇಸ್ತ್ರಿ ನಂಬರ್ ತಪ್ಪಿದ್ರೂ ಯಾರರ ಎತ್ತತಿದ್ರು, ಏನರ ಹೇಳತಿದ್ರು. ಓದಿದಾಂವ ಹೇಳ್ತಾನಂತ ಸುಮ್ನಾದೆ." ದನಿ ಏರಲಿಲ್ಲ. "ಹೋಗ್ರಿ ಯಜಮಾನ್ರ. ಇನ್ನ ಬರಬ್ಯಾಡ್ರಿ."

ಅವಳು ಎದ್ದು ಬುಟ್ಟಿ ಹೊತ್ತಳು. ಅರ್ಧ ದಿನದ ಪಾಳಿ ಇನ್ನೂ ಉಳಿದಿತ್ತು.

ಆ ಜಂಕ್ಷನ್ನಿಗೆ ಅಮರೇಶಪ್ಪನವರು ಒಬ್ಬರೇ ಹೋದರು. ಆಸ್ಪತ್ರೆಯ ದಾಖಲೆಯಲ್ಲಿ 'ಗುರುತು ಸಿಗದ ಗಂಡಸು, ಸುಮಾರು ನಲವತ್ತು' ಎಂದು ಬರೆದಿತ್ತು. ಅಲ್ಲಿ ಮೌನಪ್ಪ ಎಂದು ಸೇರಿಸಬೇಕಾದರೆ ಹೆಂಡತಿಯೇ ಬಂದು ಹೇಳಿಕೆ ಕೊಡಬೇಕಿತ್ತು. ಬಂಡೆಮ್ಮನಿಗೆ ಎರಡು ಸಲ ಹೇಳಿಕಳಿಸಿದರು, ಅವಳು ಬರಲಿಲ್ಲ. ದಾಖಲೆ ಹಾಗೆಯೇ ಉಳಿಯಿತು. ಈ ಸುದ್ದಿ ಶೆಡ್ಡಿನಿಂದ ಶೆಡ್ಡಿಗೆ ಹಬ್ಬಿತು. ಕುಷಾಯಿಗೂಡದ ಮನೆಗೆ ಭಾನುವಾರ ಅರ್ಜಿ ಬರೆಸಲು ಬರುವವರು ಕಡಿಮೆಯಾದರು. ಯುಗಾದಿಯ ಹೊತ್ತಿಗೆ ಯಾರೂ ಬರುತ್ತಿರಲಿಲ್ಲ.

ಅದೇ ವರ್ಷದ ಏಪ್ರಿಲ್‌ನಲ್ಲಿ ಸೈಟಿಗೆ ಬರುವ ಜನ ಅರ್ಧಕ್ಕರ್ಧ ಇಳಿದಿದ್ದಾರೆಂದು ಹೂಡಿಕೆದಾರರು ಗಲಾಟೆ ಮಾಡಿದರು. ಮಾಧಾಪುರದ ಸಲಹೆಗಾರ ಮತ್ತೆ ಬಂದ. ಹಳೇ ವಿಳಾಸಗಳಿಗೆ ಎಲ್ಲೆಲ್ಲಿಂದಲೋ ಕೊಂಡಿಗಳಿವೆ, ಅವೆಲ್ಲ ಒಡೆದುಹೋಗಿವೆ, ತಕ್ಷಣ ಹೊಸದಕ್ಕೆ ಜೋಡಿಸಿ ಎಂದ. ಗುರುಶಾಂತ ಕಪಾಟಿನಿಂದ ಅಮರೇಶಪ್ಪನವರ ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟ. ಹತ್ತು ಹುಡುಗರು ಹಾಳೆ ಹಂಚಿಕೊಂಡು ಟೈಪ್ ಮಾಡಿದರು, ನಾನು ಪ್ರೋಗ್ರಾಂ ಬರೆದೆ. ಊಟವಾದ ಮೇಲೆ ಶುರುಮಾಡಿದ ಕೆಲಸ ಸಂಜೆಯ ಚಹಾದ ಹೊತ್ತಿಗೆ ಮುಗಿಯಿತು. ಅಷ್ಟು ಹೊತ್ತೂ ಅವರು ತಮ್ಮ ಕುರ್ಚಿಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು.

ಮರುದಿನದಿಂದ ಅವರು ಬರಲಿಲ್ಲ. ಗುರುಶಾಂತ ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಹೊಸ ಸಾಫ್ಟ್‌ವೇರ್ ತಾನೇ ಹೆಸರಿಡುತ್ತಿತ್ತು. ವರ್ಷ ಕಳೆಯುವುದರೊಳಗೆ ಅವನು ಕಂಪನಿಯನ್ನು ಒಳ್ಳೆಯ ಬೆಲೆಗೆ ಮಾರಿದ. ಕೊಂಡವರಿಗೆ ಲಾಪತಾ ಪುಟಗಳು ಬೇಕಿರಲಿಲ್ಲ, ಅಳಿಸಿದರು. ಶಂಶಾಬಾದಿನಲ್ಲಿ ವಿಮಾನಗಳು ಹಾರತೊಡಗಿದವು, ತಗಡಿನ ಶೆಡ್ಡುಗಳು ಎದ್ದುಹೋದವು. ಬಂಡೆಮ್ಮ ಎಲ್ಲಿಗೆ ಹೋದಳೆಂದು ನಾನು ವಿಚಾರಿಸಿದೆ. ಯಾರೂ ಹೇಳಲಿಲ್ಲ.

ನನಗೆ ಗಚ್ಚಿಬೌಲಿಯಲ್ಲಿ ದೊಡ್ಡ ಕೆಲಸ ಸಿಕ್ಕಿತು. ಆಗಾಗ ಅಮರೇಶಪ್ಪನವರನ್ನು ನೋಡಲು ಹೋಗುತ್ತಿದ್ದೆ. ಅವರು ಗೋಡೆಗೆ ಒರಗಿ ಕೂತಿರುತ್ತಿದ್ದರು, ಪತ್ರಿಕೆ ಕೂಡ ಓದುತ್ತಿರಲಿಲ್ಲ. 2011ರಲ್ಲಿ ಒಂದು ಸಲ ಧೈರ್ಯ ಮಾಡಿ, "ನನ್ನ ಮ್ಯಾಲ ಸಿಟ್ಟು ಐತೇನ್ರಿ ಕಾಕಾ?" ಎಂದು ಕೇಳಿದೆ.

"ನಿನಗ ಹೇಳಿದ್ದು ನೀ ಮಾಡಿದಿ" ಎಂದರು. "ನಂಬರ್ ಬ್ಯಾಡ ಅಂದಾಂವ ನಾ."

ಅವರು ಆಚೆ ತಿರುಗಿದರು.

ನಾನು ಚಪ್ಪಲಿ ಮೆಟ್ಟುವಾಗ ಶಿವದೇವಿಯವರು ಹಿಂದೆಯೇ ಬಂದು ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡರು.

"ಇನ್ನ ಬರಬ್ಯಾಡವ್ವ ಸುವರ್ಣಾ. ನೀ ಬಂದು ಹೋದ ಮ್ಯಾಲ ಎರಡ ದಿನ ಉಣ್ಣಂಗಿಲ್ಲ ಅವರು."

ನಾನು ಮತ್ತೆ ಹೋಗಲಿಲ್ಲ.